ಆಟ ಕಟ್ಟಿದ ಅರಸ: ಮುಮ್ಮಡಿ ಕೃಷ್ಣರಾಜ ಒಡೆಯರ್

ಮಕ್ಕಳೇ, ನೀವು ಹೊಸಪೇಟೆ, ಕಂಪ್ಲಿ ಅಥವಾ ಸಂಡೂರಿನವರಾದರೆ ಹಂಪಿಗೆ ಹೋಗಿಯೇ ಇರುತ್ತೀರಿ. ಅಲ್ಲಿ ಎಲ್ಲರೂ ತಲೆಯೆತ್ತಿ ಗೋಪುರ ನೋಡುತ್ತಾರೆ. ಮುಂದಿನ ಸಲ ನೆಲವನ್ನೂ ನೋಡಿ. ಮಂಟಪಗಳ ಹಾಸುಗಲ್ಲುಗಳ ಮೇಲೆ, ಬಂಡೆಗಳ ಮೇಲೆ ಚೌಕಗಳು, ಗೆರೆಗಳು, ಸಾಲು ಕುಳಿಗಳು ಕಾಣುತ್ತವೆ. ಅವು ಆಟದ ಮಣೆಗಳು! ಹುಲಿ-ಕುರಿ ಆಟ, ಅಳಿಗುಳಿ ಮಣೆ ನಿಮಗೆ ಗುರುತು ಸಿಗಬಹುದು. ಇನ್ನು ಕೆಲವನ್ನು ಹೇಗೆ ಆಡುತ್ತಿದ್ದರೆಂದು ಹೇಳುವವರಿಲ್ಲ. ಕಲ್ಲು ಉಳಿದಿದೆ, ನಿಯಮ ಉಳಿದಿಲ್ಲ.

ಮೊಬೈಲಿನಲ್ಲಿ ನೀವು ಆಡುವ ಆಟಕ್ಕೂ ನಿಯಮಗಳೇ ಜೀವ. ಅವನ್ನು ಯಂತ್ರಕ್ಕೆ ತಿಳಿಯುವಂತೆ ಬರೆದಿಟ್ಟದ್ದೇ ತಂತ್ರಾಂಶ. ಕಂಪ್ಯೂಟರ್ ಹುಟ್ಟುವ ಮೊದಲೇ ಆಟಗಳನ್ನು ಹೊಸದಾಗಿ ಕಟ್ಟಿ, ಬರೆದಿಟ್ಟ ಅರಸರೊಬ್ಬರು ನಮ್ಮ ನಾಡಿನಲ್ಲಿದ್ದರು. ಅವರೇ ಮೈಸೂರಿನ ಮುಮ್ಮಡಿ ಕೃಷ್ಣರಾಜ ಒಡೆಯರ್. ಹಂಪಿ ಅವರ ರಾಜ್ಯಕ್ಕೆ ಸೇರಿರಲಿಲ್ಲ. ಬಳ್ಳಾರಿ ಸೀಮೆ 1800ರಲ್ಲೇ ಈಸ್ಟ್ ಇಂಡಿಯಾ ಕಂಪನಿಯ ಕೈಸೇರಿತ್ತು. ಆದರೆ ಅವರ ಪೂರ್ವಿಕರು ವಿಜಯನಗರದ ಸಾಮಂತರಾಗಿದ್ದವರು.

ಕೃಷ್ಣರಾಜರು ಹುಟ್ಟಿದ್ದು 1794ರಲ್ಲಿ. 1799ರಲ್ಲಿ ಟಿಪ್ಪು ಸುಲ್ತಾನ್ ಯುದ್ಧದಲ್ಲಿ ಮಡಿದ ಮೇಲೆ ಬ್ರಿಟಿಷರು ಈ ಬಾಲಕನನ್ನು ಸಿಂಹಾಸನದ ಮೇಲೆ ಕೂರಿಸಿದರು. ಅಂಗನವಾಡಿಗೆ ಹೋಗುವ ವಯಸ್ಸು! ದಿವಾನ್ ಪೂರ್ಣಯ್ಯನವರು ಆಡಳಿತ ನೋಡಿಕೊಂಡರು. ಮುಂದೆ ಅರಸರೇ ವಹಿಸಿಕೊಂಡಾಗ ಕಷ್ಟಗಳು ಬೆಳೆದವು. ಕಂದಾಯದ ಹೊರೆ ತಾಳದೆ 1830ರಲ್ಲಿ ನಗರ ಸೀಮೆಯ ರೈತರು ದಂಗೆ ಎದ್ದರು. ಇದನ್ನೇ ಕಾರಣ ಮಾಡಿಕೊಂಡು 1831ರಲ್ಲಿ ಬ್ರಿಟಿಷರು ಆಡಳಿತವನ್ನು ಕಿತ್ತುಕೊಂಡರು. ಅರಮನೆ ಉಳಿಯಿತು, ಅಧಿಕಾರ ಹೋಯಿತು. ರಾಜ್ಯವನ್ನು ಮರಳಿ ಕೊಡಬೇಕೆಂದು ಅರಸರು ಮತ್ತೆ ಮತ್ತೆ ಮನವಿ ಮಾಡಿದರು.

ಸಾಹಿತ್ಯ, ಸಂಗೀತಗಳಂತೆ ಆಟವೂ ಅವರಿಗೆ ಅಭ್ಯಾಸದ ವಿಷಯವಾಗಿತ್ತು. ಗಂಜೀಫಾ ಎಂಬ ಚಿತ್ರದೆಲೆಗಳ ಆಟದಲ್ಲಿ ಅವರು ಹೊಸ ಹೊಸ ಬಗೆಗಳನ್ನು ರೂಪಿಸಿದರು. ಅತಿ ದೊಡ್ಡ ಕಟ್ಟಿನಲ್ಲಿ 360 ಎಲೆಗಳು! ನಾವು ನೋಡುವ ಇಸ್ಪೀಟಿನ ಕಟ್ಟಿನಲ್ಲಿ 52 ಮಾತ್ರ. ಅವರ ಶ್ರೀತತ್ತ್ವನಿಧಿ ಎಂಬ ಗ್ರಂಥಕ್ಕೆ ಒಂಬತ್ತು ಭಾಗಗಳಿವೆ. ಕೊನೆಯದಾದ ಕೌತುಕನಿಧಿಯಲ್ಲಿ ಆಟಗಳ ವಿವರಗಳಿವೆ. ಹೀಗೆ ಬರೆದಿಟ್ಟದ್ದರಿಂದಲೇ ಅವನ್ನು ಇಂದಿಗೂ ತಿಳಿಯಲು ಸಾಧ್ಯ.

ಅವರನ್ನು ಬಹುವಾಗಿ ಸೆಳೆದ ಲೆಕ್ಕವೊಂದಿದೆ. ಚದುರಂಗದ ಕುದುರೆ ನೇರವಾಗಿ ಎರಡು ಮನೆ, ಪಕ್ಕಕ್ಕೆ ಒಂದು ಮನೆ ಜಿಗಿಯುತ್ತದೆ ಅಲ್ಲವೇ? ಯಾವ ಮನೆಯನ್ನೂ ಎರಡನೆಯ ಸಲ ತುಳಿಯದೆ ಅದು 64 ಮನೆಗಳನ್ನೂ ಸುತ್ತಿ ಬರಬೇಕು. ಯೂರೋಪಿನ ಮಹಾ ಗಣಿತಜ್ಞ ಯೂಲರ್ ಕೂಡ ಇದಕ್ಕೆ ತಲೆ ಕೆಡಿಸಿಕೊಂಡಿದ್ದ. ಕೃಷ್ಣರಾಜರು ಇದಕ್ಕೆ ಹಲವು ಉತ್ತರಗಳನ್ನು ಕಂಡುಕೊಂಡು ದಾಖಲಿಸಿದರು. ಕಂಪ್ಯೂಟರ್ ಪ್ರೋಗ್ರಾಂ ಬರೆಯಲು ಕಲಿಯುವವರಿಗೆ ಇಂದಿಗೂ ಈ ಲೆಕ್ಕ ಕೊಡುವುದುಂಟು. ಸಿಕ್ಕ ಸಿಕ್ಕ ದಾರಿಯಲ್ಲಿ ಹೊರಟರೆ ಯಂತ್ರಕ್ಕೂ ಬಹಳ ಹೊತ್ತು ಬೇಕು. ಅದಕ್ಕೊಂದು ಉಪಾಯವಿದೆ: ಮುಂದೆ ಹೊರಡಲು ಅತಿ ಕಡಿಮೆ ದಾರಿಗಳಿರುವ ಮನೆಗೆ ಮೊದಲು ಹೋಗಬೇಕು.

ಮುಮ್ಮಡಿಯವರು 1868ರಲ್ಲಿ ತೀರಿಕೊಂಡರು. ಅವರು ಕೇಳುತ್ತಲೇ ಇದ್ದ ರಾಜ್ಯ 1881ರಲ್ಲಿ ಅವರ ದತ್ತುಪುತ್ರ ಚಾಮರಾಜೇಂದ್ರ ಒಡೆಯರಿಗೆ ಮರಳಿತು.

ಈಗ ನಿಮ್ಮ ಸರದಿ. ಸೀಮೆಸುಣ್ಣದಿಂದ ನೆಲದ ಮೇಲೆ ಐದು ಸಾಲು, ಸಾಲಿಗೆ ಐದರಂತೆ 25 ಮನೆ ಬರೆಯಿರಿ. ಚದುರಂಗದ ಮಣೆಯಂತೆ ಒಂದು ಬಿಟ್ಟು ಒಂದಕ್ಕೆ ಬಣ್ಣ ತುಂಬಿ. ಮೂಲೆಯಿಂದ ಹೊರಟ ಕುದುರೆ ಎಲ್ಲ ಮನೆಗಳನ್ನೂ ಸುತ್ತಬಲ್ಲದು. ಮೂಲೆಗೆ ಅಂಟಿದ ಪಕ್ಕದ ಮನೆಯಿಂದ ಹೊರಟರೆ ಎಷ್ಟು ಹೆಣಗಿದರೂ ಆಗದು. ಏಕಿರಬಹುದು? ಕುದುರೆ ಪ್ರತಿ ಜಿಗಿತಕ್ಕೂ ಬಣ್ಣ ಬದಲಿಸುತ್ತದೆ. ಎರಡೂ ಬಣ್ಣದ ಮನೆಗಳನ್ನು ಬೇರೆ ಬೇರೆಯಾಗಿ ಎಣಿಸಿ ನೋಡಿ.