ಅಂಧ ಯೋಧರಿಗೆ ನೆರವಾದ ಅಂಧ ಯೋಧ

ದೆಹಲಿಯಲ್ಲಿ ನೌಕರಿಯಲ್ಲಿರುವ ನಾನು ಕೆಲಸದ ಮೇಲೆ ಆಗಾಗ ಡೆಹ್ರಾಡೂನ್‌ಗೆ ಹೋಗುತ್ತೇನೆ. ಅಲ್ಲಿನ ರಾಜಪುರ ರಸ್ತೆಯಲ್ಲಿ ದೃಷ್ಟಿಹೀನರ ರಾಷ್ಟ್ರೀಯ ಸಂಸ್ಥೆಯಿದೆ. ಅದರ ಮೂಲ ಹುಡುಕಿದಾಗ ನನಗೆ ಸಿಕ್ಕವರು ಸರ್ ಕ್ಲೂಥಾ ಮೆಕೆಂಝಿ.

ಅವರು ಹುಟ್ಟಿದ್ದು 1895ರಲ್ಲಿ, ನ್ಯೂಜಿಲೆಂಡ್‌ನಲ್ಲಿ. ತಂದೆ ಥಾಮಸ್ ಮೆಕೆಂಝಿ 1912ರಲ್ಲಿ ಆ ದೇಶದ ಪ್ರಧಾನಿಯಾಗಿದ್ದವರು. ಮಗ ಮೊದಲ ಮಹಾಯುದ್ಧಕ್ಕೆ ಹೊರಟರು. 1915ರ ಆಗಸ್ಟ್‌ನಲ್ಲಿ, ಟರ್ಕಿಯ ಗಲಿಪೊಲಿ ಕಾಳಗದಲ್ಲಿ ಎರಡೂ ಕಣ್ಣು ಹೋದವು. ಆಗ ಅವರಿಗೆ ಬರೀ ಇಪ್ಪತ್ತು ವರ್ಷ.

ಕಣ್ಣು ಕಳೆದುಕೊಂಡ ಯೋಧರಿಗಾಗಿ ಅದೇ ವರ್ಷ ಲಂಡನ್‌ನಲ್ಲಿ ಸೇಂಟ್ ಡನ್‌ಸ್ಟನ್ಸ್ ಸಂಸ್ಥೆ ಶುರುವಾಗಿತ್ತು. ಕಟ್ಟಿದವರು ಸ್ವತಃ ದೃಷ್ಟಿ ಕಳೆದುಕೊಂಡಿದ್ದ ಪತ್ರಿಕೋದ್ಯಮಿ ಆರ್ಥರ್ ಪಿಯರ್ಸನ್. ಅಲ್ಲಿ ಕರುಣೆಗಿಂತ ಕಸುಬು ದೊಡ್ಡದು. ಅಲ್ಲಿ ತರಬೇತಿ ಪಡೆದ ಮೆಕೆಂಝಿ ಸೈನಿಕರ ಪತ್ರಿಕೆಯ ಸಂಪಾದಕರಾದರು. ತಾಯ್ನಾಡಿಗೆ ಮರಳಿ ಸಂಸತ್ ಸದಸ್ಯರಾದರು, ಅಂಧರ ಸಂಸ್ಥೆಯೊಂದನ್ನು ವರ್ಷಗಟ್ಟಲೆ ನಡೆಸಿದರು.

ಎರಡನೇ ಮಹಾಯುದ್ಧದಲ್ಲಿ ನಮ್ಮ ಸಿಪಾಯಿಗಳೂ ಕಣ್ಣು ಕಳೆದುಕೊಂಡರು. ಅವರಿಗಾಗಿ 1943ರಲ್ಲಿ ಡೆಹ್ರಾಡೂನ್‌ನಲ್ಲಿ ತೆರೆದ ಕೇಂದ್ರದ ಹೊಣೆ ಹೊತ್ತವರು ಮೆಕೆಂಝಿ. ಕಲಿಸಲು ಬಂದವರೂ ತಮ್ಮಂತೆಯೇ ಯುದ್ಧದಲ್ಲಿ ದೃಷ್ಟಿ ಕಳೆದುಕೊಂಡವರು ಎಂಬುದೇ ಆ ಸಿಪಾಯಿಗಳಿಗೆ ಅರ್ಧ ಧೈರ್ಯ ತಂದಿರಬೇಕು.

ಆಗ ಭಾರತೀಯ ಭಾಷೆಗಳಲ್ಲಿ ಹಲವು ಬ್ರೈಲ್ ಪದ್ಧತಿಗಳಿದ್ದವು. ಯುನೆಸ್ಕೊ ಸಲಹೆಗಾರರಾಗಿ ಅವನ್ನು ಒಂದುಗೂಡಿಸಲು ದುಡಿದವರಲ್ಲಿ ಅವರು ಪ್ರಮುಖರು. 1951ರಲ್ಲಿ ಭಾರತಿ ಬ್ರೈಲ್ ಜಾರಿಗೆ ಬಂತು. ಮೆಕೆಂಝಿ 1966ರಲ್ಲಿ ತೀರಿಕೊಂಡರು. ಕನ್ನಡವನ್ನು ಇಂದು ಬೆರಳ ತುದಿಯಲ್ಲಿ ಓದುವವರು ಓದುತ್ತಿರುವುದು ಅದೇ ಭಾರತಿ ಬ್ರೈಲ್‌ನಲ್ಲಿ.