ಜೀವದ ಲಿಪಿಯನ್ನು ಓದಿದ ಖೊರಾನಾ

ಜೀವಕೋಶದೊಳಗೆ ಒಂದು ಅನುವಾದ ಎಡೆಬಿಡದೆ ನಡೆಯುತ್ತಿರುತ್ತದೆ. ಡಿಎನ್‌ಎಯಲ್ಲಿರುವ ಆದೇಶದ ನಕಲನ್ನು ಆರ್‌ಎನ್‌ಎ ಹೊತ್ತೊಯ್ಯುತ್ತದೆ. ರೈಬೊಸೋಮ್ ಅದನ್ನು ಓದಿ ಅಮೈನೊ ಆಮ್ಲಗಳನ್ನು ಪೋಣಿಸಿ ಪ್ರೊಟೀನ್ ಕಟ್ಟುತ್ತದೆ. ನಾಲ್ಕೇ ಅಕ್ಷರಗಳ ಈ ಲಿಪಿ 20 ಅಮೈನೊ ಆಮ್ಲಗಳನ್ನು ಸೂಚಿಸುವ ಬಗೆಯನ್ನು ಬಿಡಿಸಿದವರಲ್ಲಿ ಹರಗೋಬಿಂದ ಖೊರಾನಾ ಪ್ರಮುಖರು.

ದಾಖಲೆಗಳ ಪ್ರಕಾರ ಅವರು 1922ರಲ್ಲಿ, ಇಂದು ಪಾಕಿಸ್ತಾನಕ್ಕೆ ಸೇರಿರುವ ಪಂಜಾಬಿನ ರಾಯಪುರದಲ್ಲಿ ಜನಿಸಿದರು. ತಂದೆ ಗ್ರಾಮದ ಪಟವಾರಿ, ನಮ್ಮ ಕಡೆಯ ಶಾನುಭೋಗರಂತೆ. ಸುಮಾರು ನೂರು ಜನರ ಆ ಹಳ್ಳಿಯಲ್ಲಿ ಓದುಬರಹ ಬಲ್ಲ ಮನೆ ಹೆಚ್ಚುಕಡಿಮೆ ಅವರದೊಂದೇ. ಲಾಹೋರಿನಲ್ಲಿ ವ್ಯಾಸಂಗ ಮುಗಿಸಿ, ಸರ್ಕಾರದ ವಿದ್ಯಾರ್ಥಿವೇತನದಿಂದ ಲಿವರ್‌ಪೂಲಿಗೆ ತೆರಳಿ 1948ರಲ್ಲಿ ಡಾಕ್ಟರೇಟ್ ಪಡೆದರು. ಜ್ಯೂರಿಕ್‌ನಲ್ಲಿ ಕೆಲಕಾಲ ಸಂಶೋಧನೆ ನಡೆಸಿ 1949ರಲ್ಲಿ ಸ್ವದೇಶಕ್ಕೆ ಮರಳಿದಾಗ ಹುಟ್ಟೂರು ಪರದೇಶವಾಗಿತ್ತು. ಇಲ್ಲಿ ತಕ್ಕ ಉದ್ಯೋಗ ದೊರೆಯಲಿಲ್ಲ. ಕೇಂಬ್ರಿಜ್, ವ್ಯಾಂಕೂವರ್‌ಗಳ ಮೂಲಕ 1960ರಲ್ಲಿ ಅಮೆರಿಕದ ವಿಸ್ಕಾನ್ಸಿನ್ ವಿಶ್ವವಿದ್ಯಾಲಯ ಸೇರಿದರು.

ಒಂದೇ ಅಕ್ಷರ ಮರುಕಳಿಸುವ ಆರ್‌ಎನ್‌ಎ ಬಳಸಿ ಮಾರ್ಷಲ್ ನಿರೆನ್‌ಬರ್ಗ್ 1961ರಲ್ಲಿ ಮೊದಲ ಸಂಕೇತವನ್ನು ಬಿಡಿಸಿದ್ದರು. ಆದರೆ ಅಕ್ಷರಗಳು ಬೆರೆತಾಗ ಅವುಗಳ ಅನುಕ್ರಮ ತಿಳಿಯುವುದು ಕಷ್ಟವಾಗಿತ್ತು. ಖೊರಾನಾ ಅನುಕ್ರಮವನ್ನು ತಾವೇ ನಿಗದಿಪಡಿಸಿದರು. ಯು ಮತ್ತು ಸಿ ಅಕ್ಷರಗಳು ಒಂದಾದ ಮೇಲೊಂದರಂತೆ ಬರುವ ಆರ್‌ಎನ್‌ಎ ಎಳೆಯನ್ನು ರೂಪಿಸಿದಾಗ ದೊರೆತ ಸರಪಳಿಯಲ್ಲಿ ಸೆರೀನ್ ಮತ್ತು ಲ್ಯೂಸೀನ್ ಸರದಿಯಂತೆ ಬಂದವು. ಮೂರು ಮೂರು ಅಕ್ಷರಗಳಾಗಿ ಓದಿದರೆ ಮಾತ್ರ ಯುಸಿಯು, ಸಿಯುಸಿ ಎಂಬ ಎರಡು ಪದಗಳು ಹೀಗೆ ಸರದಿಯಾಗಿ ಬರಲು ಸಾಧ್ಯ. ಹಲವರ ಇಂಥ ಪ್ರಯೋಗಗಳಿಂದ ದಶಕದ ನಡುವಿಗೆ 64 ಪದಗಳ ನಿಘಂಟು ಸಿದ್ಧವಾಯಿತು: 61 ಪದಗಳು ಅಮೈನೊ ಆಮ್ಲಗಳಿಗೆ, ಉಳಿದ ಮೂರು ಪೂರ್ಣವಿರಾಮಕ್ಕೆ.

ನಿರೆನ್‌ಬರ್ಗ್ ಮತ್ತು ರಾಬರ್ಟ್ ಹಾಲಿ ಅವರೊಂದಿಗೆ 1968ರ ನೊಬೆಲ್ ಖೊರಾನಾ ಅವರಿಗೆ ಸಂದಿತು. ಅಲ್ಲಿಗೇ ಅವರು ತೃಪ್ತರಾಗಲಿಲ್ಲ. ಲಿಪಿಯನ್ನು ಓದಿದವರು ಬರೆಯಲೂ ತೊಡಗಿದರು. 1970ರ ದಶಕದಲ್ಲಿ ಪ್ರಯೋಗಾಲಯದಲ್ಲೇ ವಂಶವಾಹಿಯೊಂದನ್ನು ಕಟ್ಟಿ, ಬ್ಯಾಕ್ಟೀರಿಯಾದೊಳಗೆ ಅದು ಕೆಲಸ ಮಾಡುವಂತೆಯೂ ಮಾಡಿದರು. 2011ರಲ್ಲಿ ಅವರು ನಿಧನರಾದರು. ಒಂದು ದಶಕದೊಳಗೆ ಕೋವಿಡ್ ವಿರುದ್ಧ ಬಂದ ಆರ್‌ಎನ್‌ಎ ಲಸಿಕೆಗಳ ಸಂದೇಶವನ್ನು ನಮ್ಮ ಜೀವಕೋಶಗಳು ಓದುವುದು ಅದೇ ನಿಘಂಟಿನ ಪ್ರಕಾರ.

ಭಾರತ 1969ರಲ್ಲಿ ಅವರಿಗೆ ಪದ್ಮವಿಭೂಷಣ ನೀಡಿತು. ಆ ವೇಳೆಗೆ ಅವರು ಅಮೆರಿಕದ ಪ್ರಜೆಯಾಗಿ ಮೂರು ವರ್ಷ ಕಳೆದಿತ್ತು. ಪದವಿ ಹಿಡಿದು ಮರಳುವ ಇಂದಿನ ಯುವ ಸಂಶೋಧಕರಿಗೆ ಬೇಕಾದುದು ಇಪ್ಪತ್ತು ವರ್ಷ ತಡವಾಗಿ ಬರುವ ಪದಕವಲ್ಲ, ಬಂದ ದಿನವೇ ಕೆಲಸಕ್ಕೆ ಕೂರಲು ಒಂದು ಪ್ರಯೋಗಾಲಯ.