ನೆಲದ ಋಣ ತೀರಿಸಿದ ಖಲೀಫ

ಹಝ್ರತ್ ಉಮರ್ ಬಿನ್ ಅಬ್ದುಲ್ ಅಝೀಝ್(ರ)ರ ಹೆಸರು ನಿಮಗೆ ಹೊಸದಲ್ಲ. ಸರಕಾರಿ ಕೆಲಸ ಮುಗಿದೊಡನೆ ಬೈತುಲ್‌ಮಾಲ್‌ನ ದೀಪ ನಂದಿಸಿ ಸ್ವಂತ ದೀಪ ಹಚ್ಚುತ್ತಿದ್ದ ಖಲೀಫ ಎಂದರೆ ಮದ್ರಸದ ಮಕ್ಕಳೂ ಗುರುತಿಸುತ್ತಾರೆ. ಆದರೆ ಅವರ ಮುಂದೆ ಬಂದ ಅತ್ಯಂತ ಇಕ್ಕಟ್ಟಿನ ವ್ಯಾಜ್ಯವೊಂದು ನಮ್ಮ ಉಪನ್ಯಾಸಗಳಲ್ಲಿ ಅಷ್ಟಾಗಿ ಕೇಳಿಬರುವುದಿಲ್ಲ. ಅದು ಒಂದು ಮಸೀದಿಯ ನೆಲದ ವ್ಯಾಜ್ಯ.

ತಂದೆ ಈಜಿಪ್ಟಿನ ರಾಜ್ಯಪಾಲ. ತಾಯಿ ಹಝ್ರತ್ ಉಮರ್ ಫಾರೂಕ್(ರ)ರ ಮೊಮ್ಮಗಳು. ಯೌವನದಲ್ಲಿ ಅವರು ನವಿರಾದ ಉಡುಪಿಗೂ ಸುಗಂಧಕ್ಕೂ ಹೆಸರಾಗಿದ್ದರು. ಖಲೀಫ ವಲೀದ್ ಅವರ ದೊಡ್ಡಪ್ಪನ ಮಗ, ಪತ್ನಿ ಫಾತಿಮಾರ ಸಹೋದರ. ಆತನೇ ಅವರನ್ನು ಕ್ರಿ.ಶ. 706ರಲ್ಲಿ ಮದೀನಾದ ರಾಜ್ಯಪಾಲರನ್ನಾಗಿ ನೇಮಿಸಿದನು. ಮರುವರ್ಷ ಮಸ್ಜಿದುನ್ನಬವಿಯನ್ನು ವಿಸ್ತರಿಸಲು ಆಜ್ಞೆ ಬಂತು. ಪ್ರವಾದಿ(ಸ)ರ ಪತ್ನಿಯರು ಬಾಳಿದ ಪುಟ್ಟ ಕೋಣೆಗಳು ಅದಕ್ಕಾಗಿ ಉರುಳಿದವು. ಆ ದಿನ ಮದೀನಾದ ಜನರು ಬಿಕ್ಕಿ ಬಿಕ್ಕಿ ಅತ್ತರೆಂದು ವರದಿಯಾಗಿದೆ. ಆ ಕೋಣೆಗಳನ್ನು ಹಾಗೆಯೇ ಬಿಟ್ಟಿದ್ದರೆ ಪ್ರವಾದಿ(ಸ)ರ ಸರಳ ಬದುಕನ್ನು ಮುಂದಿನವರು ಕಣ್ಣಾರೆ ಕಾಣುತ್ತಿದ್ದರೆಂದು ಸಈದ್ ಬಿನ್ ಮುಸಯ್ಯಬ್(ರ) ಮರುಗಿದರು. ಮಸೀದಿ ಕಟ್ಟುವಾಗಲೂ ಮನಸ್ಸುಗಳು ಮುರಿಯಬಹುದೆಂಬುದನ್ನು ಉಮರ್ ಅಲ್ಲಿ ಕಂಡಿರಬೇಕು. ಇದು ನನ್ನ ಊಹೆ ಮಾತ್ರ.

ಅದೇ ಕಾಲದಲ್ಲಿ ವಲೀದ್ ತನ್ನ ರಾಜಧಾನಿ ದಮಾಸ್ಕಸ್‌ನಲ್ಲಿಯೂ ಭವ್ಯ ಮಸೀದಿಯೊಂದನ್ನು ಕಟ್ಟಿಸುತ್ತಿದ್ದನು. ಅಲ್ಲಿ ಹಝ್ರತ್ ಯಹ್ಯಾ(ಅ)ರ ಹೆಸರಿನ ಇಗರ್ಜಿಯಿತ್ತು. 635ರಲ್ಲಿ ನಗರ ಶರಣಾದಾಗ ಖಾಲಿದ್ ಬಿನ್ ವಲೀದ್(ರ) ನಿವಾಸಿಗಳ ಪ್ರಾಣ, ಸೊತ್ತು ಹಾಗೂ ಇಗರ್ಜಿಗಳಿಗೆ ಲಿಖಿತ ಅಭಯ ನೀಡಿದ್ದರು. ಮುಂದೆ ಹಝ್ರತ್ ಮುಆವಿಯಾ(ರ) ಆ ಇಗರ್ಜಿಯನ್ನು ಮಸೀದಿಗೆ ಸೇರಿಸಲು ಬಯಸಿದರು. ಕ್ರೈಸ್ತರು ಒಪ್ಪದಿದ್ದಾಗ ಸುಮ್ಮನಾದರು. ಅಬ್ದುಲ್ ಮಲಿಕ್ ಹಣ ಕೊಡಲು ಮುಂದಾದನು. ಅವರು ಆಗಲೂ ಒಪ್ಪಲಿಲ್ಲ, ಆತನೂ ಬಿಟ್ಟುಬಿಟ್ಟನು. ವಲೀದ್ ಇನ್ನೂ ದೊಡ್ಡ ಮೊತ್ತ ನೀಡುವೆನೆಂದನು. ಅದನ್ನೂ ನಿರಾಕರಿಸಿದಾಗ ಇಗರ್ಜಿಯನ್ನು ಕೆಡವಿಸಿ ನೆಲವನ್ನು ಮಸೀದಿಗೆ ಸೇರಿಸಿದನು.

717ರಲ್ಲಿ ಉಮರ್ ಖಲೀಫರಾದರು. ಪತ್ನಿಯ ಒಡವೆಗಳು ಬೈತುಲ್‌ಮಾಲ್ ಸೇರಿದವು. ಉಮಯ್ಯಾ ಮನೆತನದವರು ಅನ್ಯಾಯವಾಗಿ ಪಡೆದ ಜಮೀನುಗಳು ಒಂದೊಂದಾಗಿ ಮರಳತೊಡಗಿದವು. ಇದನ್ನು ಕಂಡ ದಮಾಸ್ಕಸ್‌ನ ಕ್ರೈಸ್ತರು ತಮ್ಮ ದೂರನ್ನು ಅವರ ಮುಂದಿಟ್ಟರು.

ಓದುಗರೇ, ಅವರ ಜಾಗದಲ್ಲಿ ನಿಂತು ಒಮ್ಮೆ ಯೋಚಿಸಿ ನೋಡಿ. ದೂರು ಇದ್ದುದು ಪತ್ನಿಯ ಸಹೋದರನ ಕೃತ್ಯದ ಮೇಲೆ. ಆತ ಆಗಲೇ ಮಣ್ಣು ಸೇರಿದ್ದನು. ಮಸೀದಿ ಎದ್ದು ನಿಂತಿತ್ತು. ಬಾಂಗ್ ಮೊಳಗುತ್ತಿತ್ತು, ಜುಮಾ ನಡೆಯುತ್ತಿತ್ತು. ಆಗಿದ್ದು ಆಗಿಹೋಯಿತೆಂದು ಹೇಳಿ ಕಳುಹಿಸಿದ್ದರೆ ತಡೆಯುವವರು ಯಾರೂ ಇರಲಿಲ್ಲ. ಉಮರ್ ಹಾಗೆ ಹೇಳಲಿಲ್ಲ. ಇಗರ್ಜಿಯಿಂದ ಮಸೀದಿಗೆ ಸೇರಿಸಿದ ಭಾಗವನ್ನು ಅವರಿಗೇ ಹಿಂದಿರುಗಿಸುವಂತೆ ತಮ್ಮ ಅಧಿಕಾರಿಗೆ ಬರೆದರು.

ನಗರದಲ್ಲಿ ಕೋಲಾಹಲವೆದ್ದಿತು. ಬಾಂಗ್ ಕೊಟ್ಟು ನಮಾಝ್ ಮಾಡಿದ ಮಸೀದಿಯನ್ನು ಕೆಡವಿ ಮತ್ತೆ ಇಗರ್ಜಿ ಮಾಡುವುದೆಂತು ಎಂದು ಮುಸ್ಲಿಮರು ಕಳವಳಗೊಂಡರು. ಅವರ ನೋವನ್ನು ಹಗುರವಾಗಿ ಕಾಣಲಾಗದು. ಆದರೆ ಸುಲೈಮಾನ್ ಬಿನ್ ಹಬೀಬ್ ಅಲ್ ಮುಹಾರಿಬಿ ಮುಂತಾದ ವಿದ್ವಾಂಸರಿದ್ದ ಅವರು ಖಲೀಫರ ವಿರುದ್ಧ ದಂಗೆಯೇಳಲಿಲ್ಲ, ಕ್ರೈಸ್ತರನ್ನು ಬೆದರಿಸಲೂ ಇಲ್ಲ. ನೇರವಾಗಿ ಅವರ ಬಳಿಗೇ ಹೋದರು. ನಗರದ ಸುತ್ತಲ ಗೂತಾದ ತೋಟಗಳ ನಡುವೆ, ಯುದ್ಧದಲ್ಲಿ ಮುಸ್ಲಿಮರ ವಶವಾಗಿದ್ದ ಇಗರ್ಜಿಗಳಿದ್ದವು. ಅವೆಲ್ಲವನ್ನೂ ಬಿಟ್ಟುಕೊಡುತ್ತೇವೆ, ಯಹ್ಯಾ ಇಗರ್ಜಿಯ ಹಕ್ಕನ್ನು ನೀವು ಬಿಟ್ಟುಕೊಡಿ ಎಂದು ಕೇಳಿಕೊಂಡರು. ಕ್ರೈಸ್ತರು ಒಪ್ಪಿದರು, ಮೆಚ್ಚಿಯೇ ಒಪ್ಪಿದರು. ಸುದ್ದಿ ತಿಳಿದು ಉಮರ್ ಸಂತೋಷಪಟ್ಟು ಒಪ್ಪಂದವನ್ನು ಊರ್ಜಿತಗೊಳಿಸಿದರು. ವಲೀದನ ಸಂಪತ್ತಿಗೂ ಅಧಿಕಾರಕ್ಕೂ ದೊರೆಯದಿದ್ದ ಒಪ್ಪಿಗೆ ಆ ನೆಲಕ್ಕೆ ದೊರೆತದ್ದು ಅಂದು. ಆ ಮಸೀದಿ ಇಂದಿಗೂ ಇದೆ.

ಅವರ ಆಡಳಿತ ಎರಡೂವರೆ ವರ್ಷವನ್ನೂ ತುಂಬಲಿಲ್ಲ. ಕ್ರಿ.ಶ. 720ರ ಆರಂಭದಲ್ಲಿ, ಇನ್ನೂ ನಲ್ವತ್ತರ ಆಸುಪಾಸಿನಲ್ಲಿರುವಾಗಲೇ, ಸಿರಿಯಾದ ದೈರ್ ಸಿಮ್‌ಆನ್‌ನಲ್ಲಿ ಕಾಯಿಲೆ ಬಿದ್ದರು. ಅದು ಕ್ರೈಸ್ತ ಸನ್ಯಾಸಿಗಳ ಮಠವಿದ್ದ ಊರು. ತಮ್ಮ ಗೋರಿಗಾಗಿ ಅಲ್ಲಿ ಸ್ವಲ್ಪ ಜಾಗ ಕೇಳಿದರು. ನೆಲದ ಒಡೆಯ ಅದನ್ನು ಉಚಿತವಾಗಿಯೇ ಕೊಡುತ್ತೇನೆಂದನು. ಉಮರ್ ಒಪ್ಪಲಿಲ್ಲ. ಹಣ ಎಣಿಸಿ ಕೊಟ್ಟು, ಆ ಮಣ್ಣನ್ನು ಕೊಂಡುಕೊಂಡರು.